ಪೆದ್ದಪ್ಪನ ಸೊಸೆ

ಪಂಚಾಯಿತಿಯ ಕಸದ ಗಾಡಿಯನ್ನು ಮೌನಿಕಾ ಮೊದಲ ಸಲ ಮನೆಯ ಮುಂದೆ ತಂದು ನಿಲ್ಲಿಸಿದಾಗ ಅವಳ ಮಾವ ಪೆದ್ದಪ್ಪ ಹೊರಗೆ ಬರಲಿಲ್ಲ. ಹಸಿರು ಬಣ್ಣದ ಹೊಸ ಗಾಡಿ. ಅದರ ಮೂತಿಗೆ ಯಾರೋ ಸೇವಂತಿಗೆ ಹಾರ ಹಾಕಿದ್ದರು. ಬೀದಿಯ ಮಕ್ಕಳೆಲ್ಲ ಸುತ್ತ ಸೇರಿದ್ದರು. ಅತ್ತೆ ಶಾಮಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಗಾಡಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಸಣ್ಣದೊಂದು ಪ್ರಾರ್ಥನೆ ಮಾಡಿದಳು. ಮಾವಿನ ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಗೆ ಹೊರಟಿದ್ದ ಗಂಡ ಕದಿರೇಶ್ ಹೆಂಡತಿಯನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ಫೋಟೋ ತೆಗೆದ. ಪೆದ್ದಪ್ಪ ಮಾತ್ರ ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ.

"ಮಾವಾ, ಒಂದ್ ಸಲ ಬಂದ್ ನೋಡಿ," ಎಂದು ಮೌನಿಕಾ ಬಾಗಿಲಲ್ಲಿ ನಿಂತು ಕರೆದಳು.

"ನೋಡೋಕೇನಿದೆ? ಕಸದ ಗಾಡಿ ತಾನೆ."

"ಕಸದ್ದೇ. ಆದ್ರೆ ಓಡ್ಸೋಳು ನಾನು."

"ಅದೇ ನನ್ ಸಂಕಟ ಕಣಮ್ಮಾ," ಎಂದ ಪೆದ್ದಪ್ಪ, ತಿರುಗದೆಯೇ.

ಅವನ ಸಂಕಟಕ್ಕೆ ಕಾರಣವಿತ್ತು. ಗೌನಿಪಲ್ಲಿಯಿಂದ ಒಳಗೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಆ ಹಳ್ಳಿಯಲ್ಲಿ ಅವನ ತಾಯಿ ಅಕ್ಕಾಯಮ್ಮ ದೊಡ್ಡವರ ಮನೆಗಳ ಕೊಟ್ಟಿಗೆ ಬಳಿಯುತ್ತಿದ್ದಳು, ಬಚ್ಚಲು ತೊಳೆಯುತ್ತಿದ್ದಳು. ಅವರು ಬಿಸಾಕಿದ್ದನ್ನೆಲ್ಲ ಮಂಕರಿಯಲ್ಲಿ ಹೊತ್ತು ಊರಾಚೆ ಹಾಕಿ ಬರುತ್ತಿದ್ದಳು. ಹೋಗುವುದೂ ಹಿತ್ತಿಲ ಬಾಗಿಲಿಂದ, ಬರುವುದೂ ಹಿತ್ತಿಲ ಬಾಗಿಲಿಂದ. ಸಂಜೆ ಮಿಕ್ಕ ಮುದ್ದೆಯನ್ನು ಮೇಲಿನಿಂದ ಅವಳ ಸೆರಗಿಗೆ ಬೀಳಿಸುತ್ತಿದ್ದರು. ಅದನ್ನು ಪಕ್ಕದಲ್ಲೇ ನಿಂತು ನೋಡುತ್ತ ಬೆಳೆದವನು ಪೆದ್ದಪ್ಪ. ಆಮೇಲೆ ಅವರ ಕೇರಿಯ ಕೆಲವು ಮನೆಗಳವರು ಯೇಸುಸ್ವಾಮಿಯನ್ನು ನಂಬಿ ಕ್ರೈಸ್ತ ಸಭೆ ಸೇರಿದರು. ದೀಕ್ಷಾಸ್ನಾನವಾಗಿ ಒದ್ದೆ ಸೀರೆಯಲ್ಲೇ ಮನೆಗೆ ಬಂದ ಅಕ್ಕಾಯಮ್ಮ ಮಾಡಿದ ಮೊದಲ ಕೆಲಸವೆಂದರೆ ಆ ಮಂಕರಿಯನ್ನು ಒಲೆಗೆ ತುರುಕಿದ್ದು. "ಇನ್ನು ನನ್ ಮನೇಲಿ ಯಾರೂ ಇನ್ನೊಬ್ರ ಕೊಳೆ ಹೊರಲ್ಲ," ಎಂದಳು. ಆ ಮಾತನ್ನು ಪೆದ್ದಪ್ಪ ದೇವರ ಮಾತಿನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಮಾವಿನ ತೋಪುಗಳನ್ನು ಕಾದ, ಮಂಡಿಯಲ್ಲಿ ಕಾಯಿ ಆರಿಸಿದ, ಕೊನೆಗೆ ಸ್ವಂತಕ್ಕೊಂದು ಸಣ್ಣ ತೋಪು ಮಾಡಿದ, ಸಭೆಯಲ್ಲಿ ಹಿರಿಯನಾದ. ಈಗ ಸೊಸೆ ಕಸದ ಗಾಡಿ ಹತ್ತಿದ್ದಳು.

ಮೌನಿಕಾ ಮುಳಬಾಗಿಲು ಕಡೆಯ ಹುಡುಗಿ. ಪಿಯುಸಿ ಓದಿದ್ದಳು. ಮಹಿಳಾ ಸಂಘದ ಕಡೆಯಿಂದ ಕೋಲಾರದಲ್ಲಿ ಡ್ರೈವಿಂಗ್ ಕಲಿಸುತ್ತಾರೆಂದು ಗೊತ್ತಾದಾಗ ಕೈ ಎತ್ತಿದವಳು ಅವಳೊಬ್ಬಳೇ. ಕಲಿತು, ಲೈಸೆನ್ಸ್ ಪಡೆದು, ಈ ಕೆಲಸವನ್ನು ತಾನೇ ಕೇಳಿ ತೆಗೆದುಕೊಂಡಿದ್ದಳು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಶ್ರೀಧರ್ ಮೇಷ್ಟ್ರು ಅವಳನ್ನು ಸಭೆಯ ಹೊರಗಿನ ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡರು. ಮೇಷ್ಟ್ರು ಆ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಹೆಡ್‌ಮಾಸ್ಟರಾಗಿ ನಿವೃತ್ತರಾಗಿದ್ದರು. ಅವರ ಮಾತಿಗೆ ಸಭೆಯಲ್ಲಿ ಬೆಲೆಯಿತ್ತು.

"ಅಮ್ಮಾ ಮೌನಿಕಾ, ಇದ್ರಿಂದ ಹೊರಗ್ ಬರೋಕೆ ನಮ್ ಹಿರಿಯರು ಎಷ್ಟ್ ಒದ್ದಾಡಿದ್ರು ಗೊತ್ತಾ ನಿಂಗೆ? ಈಗ ನೀನಾಗೇ ವಾಪಸ್ ಹೋಗ್ತಿದ್ದೀಯಲ್ಲ."

"ಸರ್, ನಾನು ಗಾಡಿ ಓಡ್ಸೋಳು. ಕಸ ಎತ್ತೋಳಲ್ಲ. ಅವರವರ ಮನೆ ಕಸ ಅವರವರೇ ಹಸಿ ಬೇರೆ, ಒಣ ಬೇರೆ ಮಾಡಿ, ಎರಡು ಬಕೆಟ್ ಹಿಡ್ಕೊಂಡು ಗೇಟ್ ಹತ್ರ ಬರ್ಬೇಕು. ದೊಡ್ಡೋರ ಮನೆಯವ್ರೂ ಬರ್ಬೇಕು, ನಮ್ ಮನೆಯವ್ರೂ ಬರ್ಬೇಕು. ಈ ಊರಲ್ಲಿ ಹಿಂದೆ ಯಾವತ್ತಾದ್ರೂ ಹಂಗಿತ್ತಾ ಸರ್?"

"ಬಾಯಲ್ಲಿ ಹೇಳೋಕೆ ಚೆನ್ನಾಗಿದೆ. ಅವ್ರು ಬರ್ತಾರಾ?"

"ಬರೋವರ್ಗೂ ನಿಂತ್ಕೋತೀನಿ."

ಮೇಷ್ಟ್ರು ತಲೆಯಾಡಿಸಿ ಹೋದರು. ಪೆದ್ದಪ್ಪ ಆ ಮಾತುಗಳನ್ನು ಕೇಳಿಸಿಕೊಂಡರೂ ಕೇಳಿಸದವನಂತೆ ಚಪ್ಪಲಿ ಹುಡುಕುತ್ತ ನಿಂತಿದ್ದ.

ಹೆಚ್ಚಿನ ಮನೆಗಳವರು ಬೇಗ ಹೊಂದಿಕೊಂಡರು. ಗಾಡಿಯ ಮೈಕಿನ ಹಾಡು ಕೇಳಿದ ಕೂಡಲೇ ಬಕೆಟ್ ಹಿಡಿದು ಬರುತ್ತಿದ್ದವರಲ್ಲಿ ಮೊದಲಿಗಳು ಬಳೆ ಮಾರುವ ಬೀಬಿಜಾನ್. "ಬಾ ಬೇಟಿ, ನಿನ್ ಗಾಡಿ ಬಂದ್ರೆ ನಂಗೆ ಟೈಮ್ ಗೊತ್ತಾಗುತ್ತೆ," ಎನ್ನುತ್ತಿದ್ದಳು. ಬೀಬಿಜಾನಳ ಮನೆಯ ಎದುರಿಗೇ ನಂದೀಶನ ಮನೆ. ಮಾವಿನ ಮಂಡಿ ಇಟ್ಟಿದ್ದ ನಂದೀಶನಿಗೆ ಊರಿನಲ್ಲಿ ಎದುರು ಮಾತಾಡುವವರು ಕಡಿಮೆ. ಅವನ ಮನೆಯಿಂದ ಬಕೆಟ್ ಬರಲಿಲ್ಲ. ಹಿತ್ತಿಲಲ್ಲಿ ಹಣ್ಣಿನ ಸಿಪ್ಪೆ, ಒದ್ದೆ ಹುಲ್ಲು, ಪ್ಲಾಸ್ಟಿಕ್ಕು, ಹಳೆ ಬಟ್ಟೆ ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿ, ಹಿಂದಿನಿಂದ ಬಂದು ತೆಗೆದುಕೊಂಡು ಹೋಗಲಿ ಎಂದು ಹೇಳಿ ಕಳಿಸಿದ.

ಮೌನಿಕಾ ಹಿಂದೆ ಹೋಗಲಿಲ್ಲ. ಗೇಟಿನ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಮಾಡಿದಳು. ಅದೇ ಹೊತ್ತಿಗೆ ಪೆದ್ದಪ್ಪ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಆ ಬೀದಿಯಲ್ಲಿ ಬರುತ್ತಿದ್ದ. ನಂದೀಶ ಹಲ್ಲುಜ್ಜುತ್ತ ಗೇಟಿನ ಹತ್ತಿರ ಬಂದ.

"ಏನಮ್ಮಾ, ಹಿತ್ಲಲ್ಲಿ ಇದೆ ಅಂತ ಹೇಳಿಲ್ವಾ?"

"ಹೇಳಿದ್ರು ಅಣ್ಣಾ. ಎರಡು ಬಕೆಟ್‌ಗೆ ಬೇರೆ ಮಾಡಿ ನೀವೇ ತಂದ್ ಹಾಕಿ. ನಾನ್ ಕಾಯ್ತೀನಿ."

ನಂದೀಶನ ಕಣ್ಣು ದೂರದಲ್ಲಿ ನಿಂತಿದ್ದ ಪೆದ್ದಪ್ಪನ ಮೇಲೆ ಬಿತ್ತು. "ಏನ್ ಪೆದ್ದಪ್ಪಾ, ನಿಮ್ಮಮ್ಮ ಅಕ್ಕಾಯಮ್ಮ ಇದೇ ಹಿತ್ಲಿಂದ ಬಂದು ಬಾಯ್ ಮುಚ್ಕೊಂಡು ಎತ್ಕೊಂಡ್ ಹೋಗ್ತಿದ್ಲು. ನಿನ್ ಸೊಸೆಗೇನು ಕೊಂಬು ಬಂದಿದ್ಯಾ?"

ಪೆದ್ದಪ್ಪನ ಕಿವಿ ಬಿಸಿಯಾಯಿತು. ಕ್ಯಾನು ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಮೌನಿಕಾ ಗಾಡಿಯಿಂದ ಇಳಿದು ಮಾವನಿಗೂ ನಂದೀಶನಿಗೂ ನಡುವೆ ಬಂದು ನಿಂತಳು.

"ಅಣ್ಣಾ, ಅವ್ರು ಹೊತ್ತಿದ್ದು ಸಾಕು. ನಾನು ಅವರ ಮೊಮ್ಮಗನ ಹೆಂಡ್ತಿ. ನಿಮ್ ಮೇಲೆ ನಂಗೆ ಕೋಪ ಇಲ್ಲ. ಬಕೆಟ್ ತಂದ್ರೆ ತಗೋತೀನಿ, ಇಲ್ಲಾಂದ್ರೆ ನಾಳೆ ಬರ್ತೀನಿ."

ಬಕೆಟ್ ಬರಲಿಲ್ಲ. ಅವಳು ಮಾರನೆಯ ದಿನ ಬಂದಳು, ಅದರ ಮಾರನೆಯ ದಿನವೂ ಬಂದಳು. ಪ್ರತಿ ಸಲವೂ ಅದೇ ಗೇಟಿನ ಮುಂದೆ ನಿಲ್ಲಿಸುವಳು, "ಅಣ್ಣಾ, ಬಕೆಟ್" ಎನ್ನುವಳು, ಸ್ವಲ್ಪ ಕಾದು ಮುಂದೆ ಹೋಗುವಳು. ಹಿತ್ತಿಲ ಗುಡ್ಡೆ ಕೊಳೆತು ನೊಣ ಮುತ್ತಿತು. ನಂದೀಶ ಪಂಚಾಯಿತಿಗೆ ದೂರು ಕೊಟ್ಟ. ಅಧಿಕಾರಿ ಬಂದು ನೋಡಿ, ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ಹೋದರು. ಅಂದಿನಿಂದ ನಂದೀಶ ಗಾಡಿಯ ಸದ್ದಾದರೆ ಬೈಕ್ ಹತ್ತಿ ಮಂಡಿಗೆ ಹೊರಟುಬಿಡುತ್ತಿದ್ದ.

ಮನೆಯಲ್ಲಿ ಪೆದ್ದಪ್ಪ ಬೆಳಿಗ್ಗೆ ಮೌನಿಕಾ ಗಾಡಿ ಒರೆಸುವಾಗ ಬಾವಿಯಿಂದ ನೀರು ಸೇದಿ ತಂದಿಡಲು ಶುರು ಮಾಡಿದ. ಅದನ್ನು ನೋಡಿ ಶಾಮಲಮ್ಮ ಒಳಗೊಳಗೇ ನಕ್ಕಳು.

ಒಂದು ಬೆಳಿಗ್ಗೆ ನಂದೀಶನ ಹೆಂಡತಿ ಪದ್ಮಶ್ರೀ ತಾನೇ ಬಕೆಟ್ ಹಿಡಿದು ಗೇಟಿನ ಹತ್ತಿರ ಬಂದಳು. ತಲೆ ತಗ್ಗಿಸಿದ್ದಳು. ನಡೆಯುವಾಗ ಒಂದು ಕೈ ಸೊಂಟಕ್ಕೆ ಆನಿಸಿಕೊಂಡಿದ್ದಳು. ಬಕೆಟ್ಟಿನ ತುಂಬ ರೋಗಿಗಳಿಗೆ ಕಟ್ಟುವ ಡಯಾಪರುಗಳು, ಕಲೆಯಾದ ಬಟ್ಟೆ, ಕೀವು ಅಂಟಿದ ಹತ್ತಿ. ವಾಸನೆ ಮೂಗಿಗೆ ಬಡಿಯಿತು.

"ಅಕ್ಕಾ, ಇದನ್ನ ಬೇರೆ ಪೇಪರ್‌ನಲ್ಲಿ ಸುತ್ತಿ ಕೊಡ್ಬೇಕು," ಎಂದು ಹೇಳಲು ಹೊರಟ ಮೌನಿಕಾ ಪದ್ಮಶ್ರೀಯ ಮುಖ ನೋಡಿ ದನಿ ತಗ್ಗಿಸಿದಳು. "ಯಾರಿಗೆ ಹುಷಾರಿಲ್ಲ ಅಕ್ಕಾ?"

ಅಷ್ಟು ಕೇಳಿದ್ದೇ ಸಾಕಾಯಿತು. ಪದ್ಮಶ್ರೀ ಗೇಟಿನ ಕಂಬಿ ಹಿಡಿದು ಅತ್ತುಬಿಟ್ಟಳು. ನಂದೀಶನ ತಾಯಿ ಗಂಗುಲಮ್ಮನಿಗೆ ಬೇಸಿಗೆಯ ಶುರುವಿನಲ್ಲಿ ಲಕ್ವಾ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ನೋಡಿಕೊಳ್ಳಲು ಬಂದಿದ್ದ ನರ್ಸ್ ಬಿಟ್ಟು ಹೋಗಿದ್ದಳು. ಬೆನ್ನೆಲ್ಲ ಹುಣ್ಣು. ನೆಂಟರು ಬಂದರೆ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ದಪ್ಪ ಮೈಯ ಅತ್ತೆಯನ್ನು ಒಬ್ಬಳೇ ಎತ್ತಿ ತಿರುಗಿಸಿ ಪದ್ಮಶ್ರೀಯ ಸೊಂಟ ಹಿಡಿದಿತ್ತು. "ತಾಯಿ ಮುಖ ನೋಡೋಕಾಗಲ್ಲ ಅಂತ ಇವ್ರು ಮಂಡೀಲೇ ಇರ್ತಾರೆ. ನಾನು ಯಾರಿಗ್ ಹೇಳ್ಲಿ?" ಎಂದಳು.

ಮೌನಿಕಾ ಗಾಡಿಯಲ್ಲಿದ್ದ ಹಳೆ ಪೇಪರು ತೆಗೆದುಕೊಟ್ಟು, ಹೇಗೆ ಸುತ್ತಬೇಕೆಂದು ತೋರಿಸಿ, ಮುಂದಿನ ಮನೆಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳು ವಿಷಯ ತೆಗೆದಳು. "ಅತ್ತೆ, ನೀವೂ ಬರ್ತೀರಾ? ಇಬ್ರಿದ್ರೆ ತಿರುಗ್ಸಬೋದು. ನಮ್ಮಮ್ಮ ಹಾಸ್ಗೆ ಹಿಡ್ದಿದ್ದಾಗ ನಾನೇ ನೋಡ್ಕೊಂಡಿದ್ದೆ, ನಂಗೆ ಅಭ್ಯಾಸ ಇದೆ."

ಪೆದ್ದಪ್ಪ ತಟ್ಟೆ ದೂಡಿದ. "ಎಲ್ಲಿಗೆ? ಆ ಮನೆಗಾ? ಅಷ್ಟ್ ದಿನ ಗೇಟಲ್ಲಿ ನಿಂತು ಕಸ ಎತ್ತಲ್ಲ ಅಂದೋಳು, ಈಗ ಒಳಗ್ ಹೋಗಿ ಅದೇ ಗಂಗುಲಮ್ಮನ ಹೇಲು ಬಳೀತೀಯಾ? ನಮ್ಮಮ್ಮನ ಸೆರಗಿಗೆ ಮುದ್ದೆ ಎಸೀತಿದ್ದ ಕೈ ಕಣಮ್ಮಾ ಅದು! ನಾನು ಕಣ್ಣಾರೆ ಕಂಡಿದೀನಿ."

"ನಂಗೊತ್ತು ಮಾವಾ."

"ಗೊತ್ತಿದ್ದೂ?"

ಮೌನಿಕಾ ತಟ್ಟೆಯನ್ನು ಮತ್ತೆ ಮಾವನ ಮುಂದೆ ಸರಿಸಿದಳು. ಮಾವನಿಗೆ ಎದುರು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

"ಮಾವಾ, 'ನೀನು ಇಂಥ ಮನೇಲಿ ಹುಟ್ಟಿದೀಯ, ಅದಕ್ಕೆ ಎತ್ತು' ಅಂತ ಯಾರಾದ್ರೂ ನಂಗೆ ಅಂದ್ರೆ ನಾನು ಸತ್ರೂ ಎತ್ತಲ್ಲ. ಇದು ಹಂಗಲ್ಲ. ಇದನ್ನ ಯಾರೂ ನಂಗೆ ಮಾಡು ಅಂತ ಹೇಳಿಲ್ಲ. ನಮ್ ಸ್ವಾಮಿ ಟವಲ್ ಕಟ್ಕೊಂಡು ಶಿಷ್ಯರ ಕಾಲು ತೊಳ್ದಾಗ ಯಾರಾದ್ರೂ ಆತನ್ನ ಬಲವಂತ ಮಾಡಿದ್ರಾ? ತಾನು ಯಾರು ಅಂತ ಆತನಿಗೆ ಚೆನ್ನಾಗ್ ಗೊತ್ತಿತ್ತು. ಗೊತ್ತಿದ್ದೇ ಎದ್ದು ತೊಳ್ದ. ಮುಂಬಾಗ್ಲಿಂದ ಹೋಗ್ತೀನಿ ಮಾವಾ. ತಲೆ ಎತ್ಕೊಂಡೇ ಹೋಗ್ತೀನಿ."

ಆ ಕಾಲು ತೊಳೆದ ಸಂಗತಿಯನ್ನು ಪೆದ್ದಪ್ಪ ಎಷ್ಟು ಸಲ ಓದಿದ್ದನೋ ಲೆಕ್ಕವಿಲ್ಲ. ಪ್ರತಿ ವರ್ಷ ಶುಭಶುಕ್ರವಾರದ ಹಿಂದಿನ ಸಂಜೆ ಸಭೆಯಲ್ಲಿ ಅದನ್ನು ಓದುತ್ತಿದ್ದವನೇ ಅವನು. ಆದರೆ ಅದನ್ನು ಹೀಗೆ ಯಾರೂ ಅವನಿಗೆ ಹೇಳಿರಲಿಲ್ಲ. ಅವನು ಎದ್ದು ಹೊರಗೆ ಹೋಗಿ ಹಸುವಿಗೆ ಹುಲ್ಲು ಹಾಕಿದ. ಹಾಕಿದ ಹುಲ್ಲನ್ನೇ ಮತ್ತೆ ಕೆದಕಿ ಹಾಕಿದ. ಅತ್ತೆ ಸೊಸೆ ಇಬ್ಬರೂ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು ಹೊರಬಂದಾಗ ಅವನೂ ಶರ್ಟು ಬದಲಾಯಿಸಿಕೊಂಡು ನಿಂತಿದ್ದ.

"ನೀವ್ಯಾಕೆ?" ಎಂದಳು ಶಾಮಲಮ್ಮ.

"ಹೊರಗೆ ಕೂತಿರ್ತೀನಿ. ಆ ನಂದೀಶ ಬಂದು ಏನಾದ್ರೂ ಅಂದ್ರೆ? ನೀವಿಬ್ರೇ ಹೆಂಗಸ್ರು."

ಬೀದಿಗೆ ಬೀದಿಯೇ ನೋಡುತ್ತಿರಲು ಮೂವರೂ ನಡೆದು ಹೋದರು. ಪದ್ಮಶ್ರೀ ಬಾಗಿಲು ತೆರೆದು ನಂಬಲಾರದೆ ನಿಂತಳು. "ಅಕ್ಕಾ, ಬಿಸಿನೀರು ಕಾಯ್ಸಿ. ಹಳೇ ಪಂಚೆ ಇದ್ರೆ ಕೊಡಿ. ಉಪ್ಪು, ಬೇವಿನ ಸೊಪ್ಪು ಇದ್ಯಾ?" ಎನ್ನುತ್ತ ಮೌನಿಕಾ ಹೊಸ್ತಿಲು ದಾಟಿದಳು. ಪೆದ್ದಪ್ಪ ಜಗಲಿಯ ತುದಿಯಲ್ಲಿ ಕುಳಿತ. ಪಕ್ಕದ ಕಿಟಕಿಯಿಂದ ಒಳಗಿನ ಸದ್ದು ಕೇಳುತ್ತಿತ್ತು. ನೀರು ಸುರಿಯುವ ಸದ್ದು, ಗಂಗುಲಮ್ಮನ ನರಳಾಟ, ನಡುನಡುವೆ ಮೌನಿಕಾಳ ದನಿ. "ಆಯ್ತು ಅಜ್ಜಿ, ಆಯ್ತು, ಇನ್ನೊಂದ್ ಚೂರು. ಅತ್ತೆ, ಆ ಕಡೆ ಹಿಡೀರಿ. ಹಾ, ಈಗ ತಿರುಗ್ಸೋಣ." ಮಗುವಿಗೆ ಎಣ್ಣೆನೀರು ಹಾಕುವಾಗ ಮಾತಾಡುವಂತಹ ದನಿ. ಅದರಲ್ಲಿ ಅಂಜಿಕೆಯಿರಲಿಲ್ಲ, ಅಸಹ್ಯವೂ ಇರಲಿಲ್ಲ.

ಕೇಳುತ್ತ ಕೇಳುತ್ತ ಪೆದ್ದಪ್ಪನಿಗೆ, ಇಷ್ಟು ದಿನ ತಾನು ಸಭೆಯಲ್ಲಿ ನಿಂತು ಓದುತ್ತಿದ್ದುದನ್ನು ಈ ಹುಡುಗಿ ಈ ಮನೆಯ ನಡುವೆ ನಿಂತು ಮಾಡುತ್ತಿದ್ದಾಳೆ ಅನ್ನಿಸಿತು. ಅವಳು ನಮ್ಮ ಮನೆಯವಳು, ಎಂದುಕೊಂಡ. ಅದುವರೆಗೂ ಜಗಲಿಯ ತುದಿಯಲ್ಲಿ ಅರ್ಧ ಕುಳಿತಿದ್ದವನು ಸರಿದು ನೆಟ್ಟಗೆ ಕುಳಿತ.

ಆಗಲೇ ನಂದೀಶನ ಬೈಕು ಬಂತು. ಯಾರೋ ಫೋನ್ ಮಾಡಿ ತಿಳಿಸಿದ್ದರು.

"ಏನ್ಲಾ ಪೆದ್ದಪ್ಪಾ, ನನ್ ಜಗಲಿ ಮೇಲೆ ಏನ್ ಕೆಲ್ಸ ನಿಂಗೆ?"

ಪೆದ್ದಪ್ಪ ಏಳಲಿಲ್ಲ. ಅವನ ದನಿ ಅವನಿಗೇ ಆಶ್ಚರ್ಯವಾಗುವಷ್ಟು ಶಾಂತವಾಗಿತ್ತು. "ನಿಮ್ಮಮ್ಮನ್ನ ನೋಡೋಕೆ ನನ್ ಸೊಸೆ ಬಂದಿದಾಳೆ. ಒಳಗಿದಾಳೆ. ಹೋಗ್ ನೋಡು."

ನಂದೀಶ ದಡದಡ ಒಳಗೆ ಹೋದ. ಪೆದ್ದಪ್ಪನೂ ಎದ್ದು ಬಾಗಿಲಿಗೆ ಬಂದು ನಿಂತ. ಒಳಕೋಣೆಯಲ್ಲಿ ಶಾಮಲಮ್ಮ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಪದ್ಮಶ್ರೀ ಹೊಸ ಹಾಸಿಗೆ ಬಟ್ಟೆ ಎಳೆದು ಸರಿಪಡಿಸುತ್ತಿದ್ದಳು. ಗಂಗುಲಮ್ಮ ಒಗೆದ ಸೀರೆಯಲ್ಲಿ, ಬಾಚಿದ ತಲೆಯಲ್ಲಿ, ದಿಂಬಿಗೆ ಒರಗಿದ್ದಳು. ಮೌನಿಕಾ ಅವಳಿಗೆ ಚಮಚದಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದಳು. ಮುದುಕಿಯ ಸ್ವಾಧೀನವಿದ್ದ ಒಂದು ಕೈ ಮೌನಿಕಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ತಾಯಿಯ ಮುಖವನ್ನು ಹಾಗೆ ಕಂಡು ಎಷ್ಟು ದಿನವಾಗಿತ್ತೋ, ನಂದೀಶ ಬಂದ ರಭಸಕ್ಕೆ ಬೈಯಬೇಕೆಂದಿದ್ದವನು ಕಟ್ಟಿಹಾಕಿದವನಂತೆ ನಿಂತ. ಆಮೇಲೆ, "ನಿಮ್ ಮತಕ್ಕೆ ಸೇರ್ಸೋಕೆ ಬಂದ್ರಾ?" ಎಂದ. ಆದರೆ ಆ ಮಾತಿಗೆ ಅವನಲ್ಲೇ ಬಲವಿರಲಿಲ್ಲ.

"ಅಣ್ಣಾ, ನಿಮ್ ದೇವ್ರ ಪಟಗಳ ಕೆಳಗೇ ನಿಂತು ಅಜ್ಜಿನ ತಿರುಗ್ಸಿದೀನಿ. ಮತದ ಮಾತೇನಾದ್ರೂ ಆಡಿದ್ನಾ ಅಂತ ಅಕ್ಕನ್ನ ಕೇಳಿ."

"ಮತ್ತೆ ಯಾಕೆ? ನಾನು ನಿಮ್ಗೆ ಅಷ್ಟೆಲ್ಲ ಅಂದಿದೀನಿ."

"ನಾನು ಯಾರ ಹಿಂದೆ ನಡೀತೀನೋ ಆತ ಹಿಂಗೇ ಮಾಡೋನು ಅಣ್ಣಾ. ಅಷ್ಟೇ."

ನಂದೀಶ ಜೇಬಿಗೆ ಕೈ ಹಾಕಿದ. ಮೌನಿಕಾ ತಲೆಯಾಡಿಸಿದಳು. "ಬೇಡಣ್ಣ. ದುಡ್ಡು ತಗೊಂಡ್ರೆ ಇದು ಕೂಲಿ ಆಗೋಗುತ್ತೆ. ಹುಣ್ಣು ಒಣಗೋವರ್ಗೂ ಸಾಯಂಕಾಲ ಬಂದು ಹೋಗ್ತೀವಿ. ಆದ್ರೆ ಬೆಳಿಗ್ಗೆ ಬಕೆಟ್ ಮಾತ್ರ ನೀವೇ ತರ್ಬೇಕು. ಅಕ್ಕನ ಸೊಂಟ ನೋಯ್ತಾ ಇದೆ."

ಶಾಮಲಮ್ಮ ನಗು ತಡೆಯಲಾಗದೆ ಬಟ್ಟೆ ಹಿಂಡುವ ನೆಪದಲ್ಲಿ ಆ ಕಡೆ ತಿರುಗಿದಳು.

ಆಗ ಗಂಗುಲಮ್ಮ ಬಾಗಿಲಲ್ಲಿದ್ದ ಪೆದ್ದಪ್ಪನನ್ನು ನೋಡಿದಳು. ಅವಳ ನಾಲಿಗೆ ಇನ್ನೂ ತೊದಲುತ್ತಿತ್ತು. "ಎವರು? ಅಕ್ಕಾಯಮ್ಮ ಕೊಡುಕಾ?" ಎಂದು ತೆಲುಗಿನಲ್ಲಿ ಕೇಳಿದಳು. ಅಕ್ಕಾಯಮ್ಮನ ಮಗನೇನೋ ಎಂದು.

"ಹೂಂ ಅಮ್ಮಾ."

ಮುದುಕಿ ಕೋಣೆಯಲ್ಲಿದ್ದ ಮರದ ಕುರ್ಚಿಯ ಕಡೆ ಕಣ್ಣು ಹೊರಳಿಸಿದಳು. "ಕೂಸೋ," ಎಂದಳು. ಕೂತುಕೋ ಎಂದು. ಅವನು ಕದಲದಿರುವುದನ್ನು ಕಂಡು ಮತ್ತೊಮ್ಮೆ, ಸ್ವಲ್ಪ ಗದರುವಂತೆ, "ಕುರ್ಚಿ ಮೀದ ಕೂಸೋ," ಎಂದಳು.

ಪೆದ್ದಪ್ಪ ನಂದೀಶನ ಮುಖ ನೋಡಿದ. ನಂದೀಶ ನೆಲ ನೋಡುತ್ತಿದ್ದ. ಕುರ್ಚಿಯನ್ನು ಎಳೆದುಕೊಟ್ಟವಳು ಪದ್ಮಶ್ರೀ. ಪೆದ್ದಪ್ಪ ಕುಳಿತ. ಕ್ಷಮಿಸು ಎಂದು ಗಂಗುಲಮ್ಮ ಹೇಳಲಿಲ್ಲ, ಅವನು ಅದಕ್ಕಾಗಿ ಕಾಯಲೂ ಇಲ್ಲ. ಈ ವರ್ಷ ಮಾವು ಹೇಗೆ ಬಂತು ಎಂದು ಅವಳು ಕೇಳಿದಳು. ಹೂವು ಉದುರಿತು, ಆದರೂ ಮಲ್ಲಿಕಾ ತಳಿ ಪರವಾಗಿಲ್ಲ ಎಂದು ಅವನು ಹೇಳಿದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಪೆದ್ದಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

ಮಾರನೆಯ ಬೆಳಿಗ್ಗೆ ಬೀಬಿಜಾನ್ ತನ್ನ ಬಕೆಟ್ ಖಾಲಿ ಮಾಡಿದ ಮೇಲೂ ಒಳಗೆ ಹೋಗಲಿಲ್ಲ. ಎದುರು ಮನೆಯ ಗೇಟು ನೋಡುತ್ತ ನಿಂತಳು. ನಂದೀಶ ಲುಂಗಿ ಎತ್ತಿ ಕಟ್ಟಿಕೊಂಡು ಎರಡೂ ಕೈಯಲ್ಲಿ ಬಕೆಟ್ ಹಿಡಿದು ಬಂದ. ಯಾರ ಮುಖವನ್ನೂ ನೋಡದೆ ಎರಡನ್ನೂ ಒಂದೇ ಕಡೆ ಸುರಿಯಲು ಹೋದ.

"ಅಣ್ಣಾ, ಅದಲ್ಲ, ಈ ಕಡೆ. ಸಿಪ್ಪೆ ಈ ಕಡೆ," ಎಂದಳು ಮೌನಿಕಾ.

ಅವನು ಗೊಣಗುತ್ತ ಸರಿಯಾಗಿ ಹಾಕಿದ. "ಶಾಬಾಷ್ ಸಾಹುಕಾರ್ರೇ," ಎಂದು ಬೀಬಿಜಾನ್ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಅವನಿಗೆ ಸಿಟ್ಟು ಬಂದರೂ ನಕ್ಕುಬಿಟ್ಟ. ಹಿತ್ತಿಲ ಗುಡ್ಡೆಯನ್ನು ಆ ವಾರವೇ ಅವನ ಮಂಡಿಯ ಟ್ರ್ಯಾಕ್ಟರು ಸಾಗಿಸಿತು.

ಹಾಗೆಂದು ನಂದೀಶ ಪೂರ್ತಿ ಬದಲಾದ ಎಂದಲ್ಲ. ಮಂಡಿಯಲ್ಲಿ ಅವನ ಬಾಯಿ ಹಾಗೇ ಇತ್ತು. ಶ್ರೀಧರ್ ಮೇಷ್ಟ್ರಿಗೂ ಸಮಾಧಾನವಾಗಲಿಲ್ಲ. "ನೀನ್ ಮಾಡಿದ್ದು ದೊಡ್ಡದೇ. ಆದ್ರೆ ಅವ್ರು ಇದನ್ನೇ ಅಭ್ಯಾಸ ಮಾಡ್ಕೊಂಡ್ರೆ? ನಮ್ಮೋರು ಇರೋದೇ ಇದಕ್ಕೆ ಅಂದ್ಕೊಂಡ್ರೆ?" ಎಂದು ಕೇಳಿದರು. "ಅಂದ್ಕೊಂಡ ದಿನ ಮತ್ತೆ ಗೇಟ್ ಹತ್ರ ನಿಂತ್ಕೋತೀನಿ ಸರ್," ಎಂದಳು ಮೌನಿಕಾ. ಮೇಷ್ಟ್ರು ಒಪ್ಪಲಿಲ್ಲ. ಆದರೆ ಮುಂದಿನ ಶನಿವಾರದಿಂದ ಅವರ ಹೆಂಡತಿ ಒಂದು ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ ಹಿಡಿದು ಗಂಗುಲಮ್ಮನ ಮನೆಗೆ ಬರತೊಡಗಿದರು. ತಡೆಯುವುದಿರಲಿ, ಮೇಷ್ಟ್ರೇ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು. ಬೀಬಿಜಾನ್ ಸಂಜೆ ಬಂದು ಮುದುಕಿಯ ಪಕ್ಕ ಕೂತು ಊರ ಸುದ್ದಿಯೆಲ್ಲ ಹೇಳಿ ನಗಿಸುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಬೆನ್ನಿನ ಹುಣ್ಣು ಒಣಗಿತು. ಗಂಗುಲಮ್ಮ ದಿಂಬಿಲ್ಲದೆ ಕೂರುವಂತಾದಳು. ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವಳು ಏಳಲಿಲ್ಲ. ಸುದ್ದಿ ಹೇಳಲು ನಂದೀಶ ಆಳನ್ನು ಕಳಿಸಲಿಲ್ಲ. ತಾನೇ ಕೇರಿಗೆ ನಡೆದು ಬಂದು ಪೆದ್ದಪ್ಪನ ಮನೆಯ ಬಾಗಿಲಲ್ಲಿ ನಿಂತ. "ಅಮ್ಮ ಹೋದ್ಲು ಪೆದ್ದಪ್ಪಣ್ಣಾ," ಎಂದ. ಅಣ್ಣ ಎಂದದ್ದನ್ನು ಶಾಮಲಮ್ಮ ಆಮೇಲೆ ಹೇಳಿದಾಗಲೇ ಪೆದ್ದಪ್ಪನಿಗೆ ಅರಿವಾದದ್ದು. ಕೊನೆಯ ಸ್ನಾನ ಮಾಡಿಸುವಾಗ ಮೌನಿಕಾ ಬರಬೇಕೆಂದು ಪದ್ಮಶ್ರೀ ಹಟ ಹಿಡಿದಳು. ದೂರದ ನೆಂಟರೊಬ್ಬರು ಗೊಣಗಿದರು. "ಹುಣ್ಣು ತೊಳೆಯೋವಾಗ ನೀವೆಲ್ಲಿದ್ರಿ?" ಎಂದು ನಂದೀಶ ಕೇಳಿದ ಮೇಲೆ ಸುಮ್ಮನಾದರು. ಮೌನಿಕಾ ಮುದುಕಿಯ ತಲೆ ಬಾಚಿ, ಅವಳಿಗೆ ಇಷ್ಟವಾಗುತ್ತಿದ್ದಂತೆ ಬಿಗಿಯಾಗಿ ತುರುಬು ಕಟ್ಟಿದಳು. ಮನೆಗೆ ಬಂದು ಗೋಡೆಗೆ ಒರಗಿ ಸ್ವಂತ ಅಜ್ಜಿಗೆಂಬಂತೆ ಅತ್ತಳು. ಪೆದ್ದಪ್ಪ ಅವಳ ಎದುರು ಕೂತು, ಗಟ್ಟಿಯಾಗಿ, ಗಂಗುಲಮ್ಮನ ಹೆಸರೆತ್ತಿ ಪ್ರಾರ್ಥನೆ ಮಾಡಿದ.

ಮುಂದಿನ ಬೇಸಿಗೆಯಲ್ಲಿ ಜಿಲ್ಲೆಯ ಬೇರೆ ಪಂಚಾಯಿತಿಗಳಿಗೂ ಹೆಂಗಸರೇ ಗಾಡಿ ಓಡಿಸಬೇಕೆಂದು ಕೋಲಾರದಲ್ಲಿ ತರಬೇತಿ ಇಟ್ಟರು. ಹೊಸಬರಿಗೆ ಕಲಿಸಲು ಮೌನಿಕಾಳಿಗೆ ಕರೆ ಬಂತು. "ನಾನೂ ಬರ್ತೀನಿ. ಕೋಲಾರದಲ್ಲಿ ಕೆಲ್ಸ ಇದೆ," ಎಂದು ಪೆದ್ದಪ್ಪ ಹೊರಟ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸುವಾಗ, "ಏನ್ ಕೆಲ್ಸ ಮಾವಾ?" ಎಂದು ಅವಳು ಕೇಳಿದಳು. ಅವನು ಕಿವಿ ಕೇಳದವನಂತೆ ಕಡಲೆಕಾಯಿ ಕೊಳ್ಳಲು ಹೋದ.

ಊರಾಚೆಯ ಬಯಲಿನಲ್ಲಿ ತರಬೇತಿ. ಮಾಲೂರಿನ ಲಕ್ಕೂರಿನಿಂದ, ಕ್ಯಾಲನೂರಿನಿಂದ, ಮುಳಬಾಗಿಲಿನ ಹಳ್ಳಿಗಳಿಂದ ಹೆಂಗಸರು ಬಂದಿದ್ದರು. ಪೆದ್ದಪ್ಪ ಒಂದು ಕಲ್ಲಿನ ಮೇಲೆ ಕುಳಿತು ನೋಡಿದ. ಖಾಕಿ ಅಂಗಿ ತೊಟ್ಟ ಸೊಸೆ ಗಾಡಿಯ ಪಕ್ಕ ನಿಂತು ಕ್ಲಚ್ಚು, ಬ್ರೇಕು, ಕನ್ನಡಿ ಎಲ್ಲ ವಿವರಿಸುತ್ತಿದ್ದಳು. ಲಕ್ಕೂರಿನ ಮೇಘನ ಎಂಬ ಹುಡುಗಿ ಅಳುಕುತ್ತ ಕೇಳಿದಳು: "ಅಕ್ಕಾ, ನಮ್ಮೂರಲ್ಲಿ ಈಗ್ಲೇ ಆಡ್ಕೋತಾರೆ. ಮುಖಕ್ಕೇ ಅಂದ್ರೆ ಏನ್ ಮಾಡ್ಬೇಕು?"

"ಗಾಡಿ ಆಫ್ ಮಾಡ್ಬೇಡ. ನಗ್ತಾ ಬಕೆಟ್ ಕೇಳು. ನಾಳೆ ಮತ್ತೆ ಹೋಗು," ಎಂದಳು ಮೌನಿಕಾ. ಎಲ್ಲರೂ ನಕ್ಕರು.

ಪಕ್ಕದಲ್ಲಿ ನಿಂತಿದ್ದ ತರಬೇತಿ ಕೇಂದ್ರದ ಮುನೇಶ್ ಎಂಬುವನು ಪೆದ್ದಪ್ಪನನ್ನು ಕೇಳಿದ. "ಯಜಮಾನ್ರೇ, ನೀವ್ ಯಾರ ಕಡೆಯವ್ರು?"

"ಕಲಿಸ್ತಾ ಇದಾಳಲ್ಲ, ಅವಳ ಕಡೆಯೋನು," ಎಂದ ಪೆದ್ದಪ್ಪ. ಅಷ್ಟಕ್ಕೆ ತೃಪ್ತಿಯಾಗದೆ, "ನನ್ ಸೊಸೆ. ಗೌನಿಪಲ್ಲಿ ಕಡೆ ಯಾರ್ನಾದ್ರೂ ಕೇಳಿ, ಹೇಳ್ತಾರೆ," ಎಂದ.

ಮೇಘನಳ ಸರದಿ ಬಂತು. ಗಾಡಿ ಎರಡು ಸಲ ಜಿಗಿದು ನಿಂತುಹೋಯಿತು. ಪಕ್ಕದ ಸೀಟಿನಲ್ಲಿದ್ದವಳು ಹೆದರಿ ಇಳಿದುಬಿಟ್ಟಳು. ಉಳಿದವರು ಹಿಂದೆ ಸರಿದರು. ಮೇಘನ ಅಳುವ ಹಾಗಾದಳು. ಮೌನಿಕಾ ಹೋಗಿ ಕೂರಬೇಕೆನ್ನುವಷ್ಟರಲ್ಲಿ ಪೆದ್ದಪ್ಪ ಕಲ್ಲಿನಿಂದ ಎದ್ದು, ಪಂಚೆ ಮೇಲೆ ಕಟ್ಟಿಕೊಂಡು, ಗಾಡಿ ಹತ್ತಿ ಅವಳ ಪಕ್ಕ ಕುಳಿತ.

"ಮಾವಾ, ಹುಷಾರು," ಎಂದು ಮೌನಿಕಾ ನಗುತ್ತ ಕೂಗಿದಳು.

"ನಿಂಗ್ಯಾಕೆ ಭಯ? ನೀನು ಕಲ್ಸಿದೀಯ ತಾನೆ," ಎಂದ ಅವನು. ಆಮೇಲೆ ಮೇಘನಳ ಕಡೆ ತಿರು‍ಗಿ, "ಹಾಕಮ್ಮಾ ಗೇರು. ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ," ಎಂದ.

ಗಾಡಿ ಈ ಸಲ ಜಿಗಿಯಲಿಲ್ಲ. ಮೆಲ್ಲಗೆ ಹೊರಟು, ಬಯಲಿನ ತುದಿಯವರೆಗೆ ಹೋಗಿ, ಧೂಳೆಬ್ಬಿಸುತ್ತ ದೊಡ್ಡದಾಗಿ ತಿರುವು ತೆಗೆದುಕೊಂಡಿತು. ಹೆಂಗಸರೆಲ್ಲ ಚಪ್ಪಾಳೆ ಹೊಡೆದರು.